ತಗಾದೆಯ ಕಾಗದ

ತುಮಕೂರಿನಲ್ಲಿ ಕಬ್ಬಿಣದ ಗೇಟು, ಗ್ರಿಲ್ಲು, ಶೆಡ್ಡುಗಳ ಕೆಲಸ ಮಾಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿ ಮಾಡಿದ್ದ. "ಸಾರ್, ಕೆಲಸ ಮುಗಿಸಿ ಬಿಲ್ಲು ಕೊಟ್ಟು ಎಂಟು ತಿಂಗಳಾಯಿತು, ಹಣ ಬರಲಿಲ್ಲ. ಒಂದು ಕಾಗದ ಬರೆದಿದ್ದೇನೆ, ನೀವು ತಿದ್ದಿಕೊಡಬೇಕು" ಎಂದ. ಕಾಗದ ಕಳಿಸಿದ, ಓದಿದೆ. ಅದರಲ್ಲಿ ಹಳೆಯ ಸ್ನೇಹದ ಪ್ರಸ್ತಾಪವಿತ್ತು, ಮಕ್ಕಳ ಶಾಲೆಯ ಶುಲ್ಕದ ಕಷ್ಟವಿತ್ತು, ದೇವರು ನೋಡಿಕೊಳ್ಳುತ್ತಾನೆಂಬ ಮಾತಿತ್ತು. ಬಿಲ್ಲಿನ ಸಂಖ್ಯೆ ಇರಲಿಲ್ಲ, ತಾರೀಖು ಇರಲಿಲ್ಲ, ಬರಬೇಕಾದ ಹಣ ಎಷ್ಟೆಂಬುದೂ ಇರಲಿಲ್ಲ. ಅವನಿಗೆ ಹೇಳಬೇಕಾದುದನ್ನು ಅಂದೇ ಹೇಳಿದೆ. ಆದರೆ ಬರಬೇಕಾದ ಹಣವನ್ನು ಬರೆದು ಕೇಳುವ ಈ ಪದ್ಧತಿ ನಮ್ಮಲ್ಲಿ ಹೇಗೆ ಬೆಳೆದು ಬಂತು ಎಂಬ ಯೋಚನೆ ಅಲ್ಲಿಗೆ ನಿಲ್ಲಲಿಲ್ಲ. ಇತಿಹಾಸದ ಪಾಠ ಹೇಳಿದ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಆ ಯೋಚನೆಯ ಫಲ ಈ ಬರಹ.

ನಮ್ಮದು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಸೀಮೆ. ಕೆಂಪೇಗೌಡರ ಕಾಲದ ನವದುರ್ಗಗಳಲ್ಲಿ ಒಂದೆಂದು ಹೆಸರಾದ ಈ ಬೆಟ್ಟದ ಬುಡದ ಊರಿಗೆ ಸಂತೇಪೇಟೆ ಎಂದೇ ಹೆಸರು. ಸಂತೆ ಇದ್ದಲ್ಲಿ ವ್ಯಾಪಾರ, ವ್ಯಾಪಾರವಿದ್ದಲ್ಲಿ ಉದ್ರಿ, ಉದ್ರಿ ಇದ್ದಲ್ಲಿ ತಗಾದೆ. ಹಾಗಾಗಿ ಈ ವಿಷಯ ನಮಗೆ ಹೊರಗಿನದೇನೂ ಅಲ್ಲ. ಹುತ್ರಿದುರ್ಗದ ಕೋಟೆಗೂ ಒಂದು ದೊಡ್ಡ ಬಾಕಿಗೂ ಇರುವ ಸಂಬಂಧವನ್ನು ಮುಂದೆ ಹೇಳುತ್ತೇನೆ.

ಮೊದಲು ಮಾತುಗಳನ್ನು ನೋಡೋಣ. 'ತಗಾದೆ' ಅರಬ್ಬೀ ಮೂಲದ 'ತಕಾಜಾ'ದಿಂದ ಬಂದುದು. ಕೊಡಬೇಕಾದುದನ್ನು ಕೊಡೆಂದು ಒತ್ತಾಯಿಸುವುದು ಎಂದರ್ಥ. ಬಾಕಿ, ವಸೂಲಿ, ವಾಯಿದೆ, ಕಿಸ್ತು, ಜಾಮೀನು, ಜಪ್ತಿ, ಅಸಲು ಇವೂ ಅದೇ ದಾರಿಯಿಂದ ಬಂದವು. ರಸೀದಿ ಪಾರಸಿಯದು. 'ಬಡ್ಡಿ' ಸಂಸ್ಕೃತದ 'ವೃದ್ಧಿ'ಯ ತದ್ಭವ. 'ಉದ್ರಿ' ಸಂಸ್ಕೃತದ 'ಉದ್ಧಾರ'ದ ವಂಶದ್ದು, ಮರಾಠಿಯ 'ಉಧಾರ'ದ ನಂಟು. 'ಸಾಲ' ಮಾತ್ರ ನಮ್ಮ ಮನೆಯ ಮಾತು. ಸಾಲ ಮಾಡುವುದಕ್ಕೆ ನಮಗೆ ಹೊರಗಿನ ಮಾತು ಬೇಕಾಗಲಿಲ್ಲ. ಲೆಕ್ಕವಿಟ್ಟು, ಗಡುವು ಕೊಟ್ಟು, ಬರೆಸಿಕೊಂಡು ವಸೂಲು ಮಾಡುವ ವ್ಯವಹಾರಕ್ಕೆ ಮಾತ್ರ ಆಳಿದವರ ಕಚೇರಿಯ ಮಾತುಗಳು ಒಂದರ ಹಿಂದೆ ಒಂದು ಸೇರಿಕೊಂಡವು. ಇಂಗ್ಲಿಷರ ಕಾಲದಲ್ಲಿ ಬಂದ 'ನೋಟೀಸು' ಆ ಸಾಲಿನ ಕೊನೆಯದು. ಇಂದಿಗೂ ಹಳ್ಳಿಯಲ್ಲಿ "ನೋಟೀಸು ಬಂತು" ಎಂದರೆ ಮನೆಯಲ್ಲಿ ಒಲೆ ಹತ್ತುವುದು ತಡವಾಗುತ್ತದೆ.

ಕಾಗದಕ್ಕೂ ಮೊದಲು ಸಾಲ ವಸೂಲಿಯ ದಾರಿಗಳು ಯಾವುವಿದ್ದವು? ಮನುಸ್ಮೃತಿ ಐದನ್ನು ಹೇಳುತ್ತದೆ: ಧರ್ಮ, ವ್ಯವಹಾರ, ಛಲ, ಆಚರಿತ ಮತ್ತು ಬಲ. ಧರ್ಮವೆಂದರೆ ಒಳ್ಳೆಯ ಮಾತಿನಿಂದ ಕೇಳುವುದು. ವ್ಯವಹಾರವೆಂದರೆ ನ್ಯಾಯಸ್ಥಾನಕ್ಕೆ ಹೋಗುವುದು. ಛಲವೆಂದರೆ ಉಪಾಯದಿಂದ ಪಡೆಯುವುದು. ಬಲವೆಂಬುದಕ್ಕೆ ವಿವರಣೆ ಬೇಕಿಲ್ಲ. ಆಚರಿತ ಎಂಬುದೇನು? ಸಾಲಗಾರನ ಹೆಂಡತಿ, ಮಕ್ಕಳು, ದನಕರುಗಳನ್ನು ತಡೆಹಿಡಿದು ಅವನ ಬಾಗಿಲಲ್ಲಿ ಕುಳಿತುಕೊಳ್ಳುವುದೆಂದು ಬೃಹಸ್ಪತಿಸ್ಮೃತಿ ವಿವರಿಸುತ್ತದೆ. ಇದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಸಾಲ ಮಾಡಿದವನು ಒಬ್ಬ, ಕಟ್ಟಿಹಾಕುವುದು ಅವನ ಮಗನನ್ನು! ಆದರೂ ಪಟ್ಟಿಯ ಆರಂಭದಲ್ಲಿ ಧರ್ಮವನ್ನೂ ಕೊನೆಯಲ್ಲಿ ಬಲವನ್ನೂ ಇಟ್ಟಿರುವುದು ಗಮನಾರ್ಹ. ಮೊದಲು ಬಾಯಿಮಾತಿನಿಂದ ಕೇಳಬೇಕು ಎಂಬ ಕ್ರಮ ಅಲ್ಲಿಯೇ ಇದೆ.

ಇನ್ನೊಂದು ಸಂಗತಿ ಯಾಜ್ಞವಲ್ಕ್ಯಸ್ಮೃತಿಯಲ್ಲಿದೆ. ಈ ಸ್ಮೃತಿಗೆ 'ಮಿತಾಕ್ಷರ'ವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಸಾಲಗಾರ ಹಣವನ್ನು ಕಂತುಕಂತಾಗಿ ಕೊಟ್ಟಾಗಲೆಲ್ಲ ಸಾಲಪತ್ರದ ಹಿಂಬದಿಯಲ್ಲಿ ಅದನ್ನು ಬರೆಯಬೇಕು, ಎಲ್ಲವೂ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು ಅಥವಾ ತೀರಿತೆಂಬುದಕ್ಕೆ ಬೇರೆ ಪತ್ರ ಮಾಡಿಸಿಕೊಳ್ಳಬೇಕು ಎಂದು ಆ ಸ್ಮೃತಿ ವಿಧಿಸುತ್ತದೆ. ನಮ್ಮ ಹಿರಿಯರು ಪ್ರಾಮಿಸರಿ ನೋಟಿನ ಬೆನ್ನಿಗೆ ಷರಾ ಬರೆಸುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅದು ಕೋರ್ಟು ಕಚೇರಿಗಳು ಕಲಿಸಿದ ಹೊಸ ಪಾಠವಲ್ಲ, ಬಹಳ ಹಳೆಯದು. ಆ ಷರಾದ ಬೆಲೆ ಇಂದಿನ ಕಾನೂನಿನಲ್ಲಿಯೂ ಎಷ್ಟಿದೆ ಎಂಬುದಕ್ಕೆ ಮತ್ತೆ ಬರುತ್ತೇನೆ.

ಬಾಗಿಲಲ್ಲಿ ಕುಳಿತುಕೊಳ್ಳುವ ಪದ್ಧತಿಗೆ 'ಧರಣಿ' ಎಂಬ ಹೆಸರು ಬಂತು. ಈಗ ಅದು ತಾಲ್ಲೂಕು ಕಚೇರಿಯ ಎದುರು ಶಾಮಿಯಾನ ಹಾಕಿ ಕೂರುವುದಕ್ಕೆ ಸಲ್ಲುವ ಮಾತಾಗಿದೆ. ಮೂಲದಲ್ಲಿ ಅದು ಸಾಲ ವಸೂಲಿಯ ವಿಧಾನ. ಸಾಲ ಕೊಟ್ಟವನು ಅನ್ನನೀರು ಬಿಟ್ಟು ಸಾಲಗಾರನ ಮನೆಯ ಬಾಗಿಲಲ್ಲಿ ಕೂರುತ್ತಿದ್ದ. ಅವನು ಉಪವಾಸ ಬಿದ್ದು ಸತ್ತರೆ ಪಾಪ ಮನೆಯವನಿಗೆ ಸುತ್ತಿಕೊಳ್ಳುವುದೆಂಬ ಭಯವೇ ಬಂಡವಾಳ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೋ ಪೋಲೋ ಇದಕ್ಕಿಂತ ವಿಚಿತ್ರವಾದ ಕ್ರಮವೊಂದನ್ನು ವರ್ಣಿಸಿದ್ದಾನೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದರೆ, ಹಣ ಕೊಡುವ ತನಕ ಅಥವಾ ಜಾಮೀನು ಒದಗಿಸುವ ತನಕ ಅವನು ಆ ಗೆರೆ ದಾಟುವಂತಿರಲಿಲ್ಲವಂತೆ. ಇಂಗ್ಲಿಷರಿಗೆ ಧರಣಿಯ ಈ ಪದ್ಧತಿ ದೊಡ್ಡ ತಲೆನೋವಾಯಿತು. 1860ರ ಭಾರತೀಯ ದಂಡಸಂಹಿತೆಯ 508ನೆಯ ಕಲಮು, ದೇವರ ಕೋಪಕ್ಕೆ ಗುರಿಯಾಗುವೆ ಎಂದು ಹೆದರಿಸಿ ಕೆಲಸ ಮಾಡಿಸಿಕೊಳ್ಳುವುದನ್ನು ಅಪರಾಧವೆಂದಿತು. ಅದಕ್ಕೆ ಕೊಟ್ಟ ಮೊದಲ ಉದಾಹರಣೆಯೇ ಒಬ್ಬನ ಬಾಗಿಲಲ್ಲಿ ಧರಣಿ ಕೂರುವುದು. 2024ರ ಜುಲೈ 1ರಂದು ಆ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ದೇವರ ಹೆಸರಿನ ಹೆದರಿಕೆ ಅಪರಾಧವೆಂಬ ನಿಯಮ ಅದರಲ್ಲಿಯೂ ಉಳಿದಿದೆ.

ಹುತ್ರಿದುರ್ಗದ ಬಾಕಿ

ಈಗ ನಮ್ಮ ಬೆಟ್ಟಕ್ಕೆ ಬರೋಣ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿಯಿತು. ಅಭೇದ್ಯವೆಂದು ಹೆಸರಾಗಿದ್ದ ಅದು ಬಿದ್ದ ಸುದ್ದಿ ಹಬ್ಬಿದ ಮೇಲೆ ಸುತ್ತಲಿನ ದುರ್ಗಗಳ ಕಾವಲಿನವರ ಎದೆ ಕುಸಿಯಿತು. ಮೂರೇ ದಿನಗಳಲ್ಲಿ, ಡಿಸೆಂಬರ್ 24ರಂದು, ಹುತ್ರಿದುರ್ಗವೂ ಅವರ ಕೈಸೇರಿತು. ಇಂಗ್ಲಿಷರ ಬಾಯಲ್ಲಿ ಅದು 'ಔಟ್ರಾಡ್ರೂಗ್' ಆಯಿತು. ಶ್ರೀರಂಗಪಟ್ಟಣದ ಕಡೆಗೆ ಹೊರಟ ಸೇನೆಗೆ ಈ ಪ್ರದೇಶ ದಾಸ್ತಾನಿನ ನೆಲೆಯಾಯಿತು. 1792ರ ಜನವರಿಯ ಕೊನೆಯಲ್ಲಿ ನಿಜಾಮನ ಪಡೆ ಇಲ್ಲಿಯೇ ಆಸುಪಾಸಿನಲ್ಲಿ ಬಂದು ಕೂಡಿಕೊಂಡಿತು. ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಯಿತು.

ಆ ಯುದ್ಧ ಮುಗಿದದ್ದು ಒಂದು ಬಿಲ್ಲಿನಿಂದ. ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಡಬೇಕು, ಅದರ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅರ್ಧ ಕೂಡಲೇ, ಉಳಿದರ್ಧ ಮೂರು ಕಿಸ್ತುಗಳಲ್ಲಿ. ಕಿಸ್ತು ತೀರುವ ತನಕ ಜಾಮೀನು ಏನು? ಸುಲ್ತಾನನ ಇಬ್ಬರು ಗಂಡುಮಕ್ಕಳು. ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನನಿಗೆ ಸುಮಾರು ಎಂಟು. ಫೆಬ್ರವರಿ 26ರಂದು ಇಬ್ಬರನ್ನೂ ಆನೆಗಳ ಮೇಲೆ ಕೂರಿಸಿ ಕಾರ್ನ್‌ವಾಲಿಸನ ಪಾಳೆಯಕ್ಕೆ ಕಳಿಸಿಕೊಟ್ಟರು. ಕಾರ್ನ್‌ವಾಲಿಸ್ ತಂದೆಯಂತೆ ಅವರನ್ನು ಬರಮಾಡಿಕೊಂಡನೆಂದು ಇಂಗ್ಲಿಷ್ ಚಿತ್ರಕಾರರು ದೊಡ್ಡ ದೊಡ್ಡ ವರ್ಣಚಿತ್ರಗಳನ್ನೇ ಬರೆದರು. ಮಕ್ಕಳನ್ನು ಮದರಾಸಿಗೆ ಒಯ್ದರು. ಹಣ ಹೊಂದಿಸಲು ಸುಲ್ತಾನನ ಬೊಕ್ಕಸ ಸಾಲದೆ ಹೋದಾಗ ಆ ಭಾರ ಅವನ ಅಧಿಕಾರಿಗಳ ಮೇಲೂ ಪ್ರಜೆಗಳ ಮೇಲೂ ಬಿತ್ತು. ಹುತ್ರಿದುರ್ಗದ ರಾಗಿ ಬೆಳೆಗಾರನಿಗೆ ಆ ಕರಾರಿನ ಕಲಮುಗಳು ಗೊತ್ತಿರಲಿಕ್ಕಿಲ್ಲ. ಅವನಿಗೆ ಗೊತ್ತಾದದ್ದು ಏರಿದ ಕಂದಾಯ ಮಾತ್ರ. ಹಣ ಸಂದಾಯವಾದ ಮೇಲೆ 1794ರ ಮಾರ್ಚಿಯಲ್ಲಿ ಸುಲ್ತಾನನ ಹುಟ್ಟೂರಾದ ದೇವನಹಳ್ಳಿಯಲ್ಲಿ ಮಕ್ಕಳನ್ನು ತಂದೆಗೆ ಒಪ್ಪಿಸಿದರು.

ಬೃಹಸ್ಪತಿ ಹೇಳಿದ 'ಆಚರಿತ'ವನ್ನು ನೆನೆಯಿರಿ. ಸಾಲಗಾರನ ಮಕ್ಕಳನ್ನು ತಡೆಹಿಡಿದು ಹಣ ಪಡೆಯುವುದು. ಮುದ್ರೆಯೊತ್ತಿದ ಕರಾರುಪತ್ರವಿದ್ದೂ, ಕಿಸ್ತಿನ ಗಡುವುಗಳಿದ್ದೂ, ನಂಬಿಕೆ ಮಾತ್ರ ಕಾಗದದ ಮೇಲೆ ಇರಲಿಲ್ಲ. ಎರಡು ಎಳೆಯ ಜೀವಗಳ ಮೇಲೆ ಇತ್ತು. ಬಾಲ್ಯದಲ್ಲಿ ಹುತ್ರಿದುರ್ಗದ ಬಾಗಿಲುಗಳನ್ನು ದಾಟಿ ಮೇಲಿನ ಶಂಕರೇಶ್ವರನ ಗುಡಿಗೆ ಹತ್ತುವಾಗ ಕೋಟೆಯನ್ನು ಶೌರ್ಯದ ಕಥೆಯಾಗಿ ನೋಡುತ್ತಿದ್ದೆವು. ಈಗ ನೋಡಿದರೆ ನನಗೆ ಆ ಇಬ್ಬರು ಹುಡುಗರ ನೆನಪೂ ಬರುತ್ತದೆ.

ಒಂದು ಕಾಗದ, ಐವತ್ತು ವರ್ಷ

ಕಾಗದವೇ ಆಯುಧವಾದ ಪ್ರಸಂಗ ಇದರ ನಂತರದ್ದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸಿಂಹಾಸನಕ್ಕೆ ಬಂದವರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು. ಆಗಿನ ಕರಾರಿನಂತೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಕಂಪನಿ ಸರ್ಕಾರಕ್ಕೆ ಕಪ್ಪವಾಗಿ ಕೊಡಬೇಕಿತ್ತು. ರೂಪಾಯಿಯ ಲೆಕ್ಕದಲ್ಲಿ ಇದು 24 ಲಕ್ಷ 50 ಸಾವಿರ. ಹಣ ಬರುವುದು ತಪ್ಪೀತೆಂಬ ಅನುಮಾನಕ್ಕೆ ಕಾರಣವಿದ್ದರೆ ರಾಜ್ಯದ ಯಾವ ಭಾಗವನ್ನಾದರೂ ಕಂಪನಿ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದೆಂಬ ಷರತ್ತೂ ಇತ್ತು.

1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನು ಅಡಗಿಸಿದ ಬಳಿಕ ಗವರ್ನರ್ ಜನರಲ್ ಬೆಂಟಿಂಕನು 1831ರ ಸೆಪ್ಟೆಂಬರ್ 7ರಂದು ಮಹಾರಾಜರಿಗೆ ಒಂದು ಪತ್ರ ಬರೆದ. ಕರಾರಿನಂತೆ ತಿಂಗಳು ತಿಂಗಳಿಗೆ ಕಪ್ಪ ಸಂದಾಯವಾಗಿಲ್ಲ, ಸೈನಿಕರಿಗೆ ಸಂಬಳವಿಲ್ಲ, ರಾಜ್ಯದ ಸಾಲ ಏರಿದೆ ಎಂಬ ಆರೋಪಗಳು ಅದರಲ್ಲಿದ್ದವು. ಅದು ಗಡುವು ಕೊಟ್ಟು ಹಣ ಕೇಳಿದ ಪತ್ರವಲ್ಲ. ರಾಜ್ಯವನ್ನು ತೆಗೆದುಕೊಳ್ಳುತ್ತಿದ್ದೇವೆಂದು ತಿಳಿಸಿದ ಪತ್ರ. ಅಕ್ಟೋಬರ್‌ನಲ್ಲಿ ಮಹಾರಾಜರು ಆಡಳಿತವನ್ನು ಒಪ್ಪಿಸಿಕೊಟ್ಟರು. ಮುಂದೆ 'ದಿ ಮೈಸೂರ್ ರಿವರ್ಷನ್' ಎಂಬ ಗ್ರಂಥ ಬರೆದ ಮೇಜರ್ ಇವಾನ್ಸ್ ಬೆಲ್ ಮೊದಲಾದವರು ಕಪ್ಪದ ಬಾಕಿ ಇರಲೇ ಇಲ್ಲವೆಂದು ವಾದಿಸಿದರು. ಬೆಂಟಿಂಕನಿಗೇ 1834ರ ಹೊತ್ತಿಗೆ ತನ್ನ ಕ್ರಮದ ನ್ಯಾಯಬದ್ಧತೆಯ ಬಗ್ಗೆ ಸಂದೇಹ ಮೂಡಿ, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸುವ ಸಲಹೆ ಮಾಡಿದ. ಇಂಗ್ಲೆಂಡಿನ ದೊರೆಗಳು ಒಪ್ಪಲಿಲ್ಲ. ಮಹಾರಾಜರು ದಶಕಗಳ ಕಾಲ ಖರೀತಗಳನ್ನು ಬರೆದು ತಮ್ಮ ಹಕ್ಕನ್ನು ಪ್ರತಿಪಾದಿಸುತ್ತಲೇ ಇದ್ದರು. 1868ರಲ್ಲಿ ಅವರು ತೀರಿಕೊಂಡರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿ ಬಂದದ್ದು 1881ರ ಮಾರ್ಚ್ 25ರಂದು, ಚಾಮರಾಜ ಒಡೆಯರ ಕಾಲದಲ್ಲಿ.

ತಗಾದೆಯ ಪತ್ರ ಬರೆಯುವವರೂ ಪಡೆಯುವವರೂ ಈ ಪ್ರಸಂಗದಿಂದ ಕಲಿಯಬೇಕಾದುದಿದೆ. ಎಷ್ಟು ಬಾಕಿ, ಯಾವ ತಿಂಗಳಿನದು, ಯಾವ ರಸೀದಿಯ ಪ್ರಕಾರ ಎಂಬ ಲೆಕ್ಕವನ್ನು ಎದುರಿಗಿಟ್ಟು, ಉತ್ತರಕ್ಕೆ ಅವಕಾಶ ಕೊಟ್ಟು ಬರೆದಿದ್ದರೆ ಆ ಕಥೆ ಬೇರೆಯಾಗಬಹುದಿತ್ತೇನೋ. ಬಲಿಷ್ಠನು ಬರೆದ ಪತ್ರದಲ್ಲಿ ಅಂಕಿ ಬೇಕಾಗುವುದಿಲ್ಲ. ದುರ್ಬಲನು ಬರೆಯುವ ಪತ್ರಕ್ಕೆ ಅಂಕಿಯೇ ಬಲ. ನಮ್ಮ ನಿಮ್ಮಂಥವರು ಬರೆಯುವುದು ಎರಡನೆಯ ಬಗೆಯ ಪತ್ರ.

ಉಭಯ ಕುಶಲೋಪರಿ

ಇನ್ನು ನಮ್ಮ ಹಳ್ಳಿಗಳ ಮಾತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆ ವ್ಯವಸ್ಥೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ವಿಲೀನವಾಯಿತು. ಅಂಚೆ ಊರೂರಿಗೂ ಬಂದ ಮೇಲೆ ಸಾಮಾನ್ಯರ ತಗಾದೆಯೂ ಕಾಗದವೇರಿತು. ಬರೆಯಬಲ್ಲವರು ಕಡಿಮೆ. ಶಾನುಭೋಗರು, ಅವರಿಲ್ಲದಿದ್ದರೆ ಶಾಲೆಯ ಮೇಷ್ಟ್ರು. ಹಾಗಾಗಿ ನಮ್ಮ ತಲೆಮಾರಿನ ಉಪಾಧ್ಯಾಯರೆಲ್ಲ ಸಂಬಳವಿಲ್ಲದ ಪತ್ರಲೇಖಕರೂ ಆಗಿದ್ದರು.

ಆಗಿನ ಕಾಗದಕ್ಕೆ ಒಂದು ಕ್ರಮವಿತ್ತು. ಮೇಲೆ ಶ್ರೀಕಾರ. ಬಳಿಕ "ಮಹಾರಾಜರಾಜಶ್ರೀ" ಎಂದು ಹೆಸರಿಗೆ ಗೌರವ. ಆಮೇಲೆ "ಉಭಯ ಕುಶಲೋಪರಿ ಸಾಂಪ್ರತ". ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರುವುದು. ಇಷ್ಟೆಲ್ಲ ಆದ ಮೇಲೆ "ತರುವಾಯ" ಎಂದು ಬಂದರೆ ಓದುವವನಿಗೆ ಗೊತ್ತಾಗುತ್ತಿತ್ತು, ಇನ್ನು ಹಣದ ವಿಷಯ ಬರುತ್ತದೆ ಎಂದು. ಗುಬ್ಬಿಗೆ ಅಡಿಕೆ, ತಿಪಟೂರಿಗೆ ಕೊಬ್ಬರಿ ಹಾಕಿ ಮಂಡಿಯವರಿಂದ ಬರಬೇಕಾದ ಹಣಕ್ಕೆ, ಬೀಗರಿಗೆ ಕೊಟ್ಟ ಕೈಗಡಕ್ಕೆ, ಜೋಡೆತ್ತು ಮಾರಿದ ಬಾಕಿಗೆ ಇಂಥ ಕಾಗದಗಳನ್ನು ನಾನೂ ಬರೆದುಕೊಟ್ಟಿದ್ದೇನೆ.

ಎತ್ತು ಮಾರಿದ ಹಿರಿಯರೊಬ್ಬರು ಶಾಲೆಯ ಜಗಲಿಯಲ್ಲಿ ಕುಳಿತು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಬರೀರಿ ಮೇಷ್ಟ್ರೇ, ನಿನ್ ಮನೆ ಹಾಳಾಗ, ನಿನ್ ವಂಶ ಉದ್ಧಾರಾಗಲ್ಲ ಅಂತ ಬರೀರಿ." ನಾನು ಎತ್ತು ಮಾರಿದ ಸಂತೆಯ ದಿನ, ಒಪ್ಪಿದ ಬೆಲೆ, ಆಗ ಕೊಟ್ಟ ಮುಂಗಡ, ಉಳಿದ ಬಾಕಿ, ಯುಗಾದಿಯೊಳಗೆ ಕೊಡುತ್ತೇನೆಂದ ಮಾತು, ಆಗ ಅಲ್ಲಿದ್ದ ಇಬ್ಬರ ಹೆಸರು ಇಷ್ಟನ್ನು ಬರೆದು ಓದಿಹೇಳಿದೆ. ಅವರು ಬೇಸರದಿಂದ, "ಇದ್ರಲ್ಲಿ ಬಯ್ಗುಳವೇ ಇಲ್ವಲ್ಲ" ಎಂದರು. "ಗೌಡ್ರೇ, ಬಯ್ದರೆ ಅವರೂ ಬಯ್ದು ಬರೀತಾರೆ, ಲೆಕ್ಕ ಬರೆದರೆ ಏನು ಬರೀತಾರೆ?" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೆಬ್ಬೆಟ್ಟು ಒತ್ತಿದರು. ಎರಡು ಕಂತುಗಳಲ್ಲಿ ಆ ಹಣ ಬಂತು. ಎರಡು ಮನೆಗಳ ನಡುವೆ ಮುಂದೆ ಕೊಡುಕೊಳ್ಳುವಿಕೆಯೂ ನಿಲ್ಲಲಿಲ್ಲ. ನನಗೆ ಹಣ ಬಂದದ್ದಕ್ಕಿಂತ ಅದೇ ದೊಡ್ಡದಾಗಿ ಕಂಡಿತು.

ಆದರೆ ಕಾಗದವೆಲ್ಲ ಸಾಧುವೆಂದು ಹೇಳಲಾರೆ. ಓದಲು ಬಾರದವನ ಹೆಬ್ಬೆಟ್ಟನ್ನು ಖಾಲಿ ಹಾಳೆಗೆ ಒತ್ತಿಸಿಕೊಂಡು ನೂರಕ್ಕೆ ಸಾವಿರ ಬರೆದುಕೊಂಡ ಕಥೆಗಳು ಪ್ರತಿ ಊರಿನಲ್ಲಿಯೂ ಇವೆ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ವಿರುದ್ಧ ದಂಗೆ ಎದ್ದಾಗ ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಅದರ ಫಲವಾಗಿ 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಸಾಲದ ಪತ್ರದ ಹಿಂದಿನ ನಿಜವಾದ ಲೆಕ್ಕವನ್ನು ಕೆದಕಿ ನೋಡುವ ಅಧಿಕಾರ ನ್ಯಾಯಾಲಯಕ್ಕೆ ದೊರೆಯಿತು. ನಮ್ಮ ಮೈಸೂರಿನಲ್ಲಿಯೂ 1928ರಲ್ಲಿ ಕೃಷಿಕರ ಪರಿಹಾರ ಕಾಯಿದೆಯಾಯಿತು. ಸಾಲಕ್ಕೆ ಮನುಷ್ಯನನ್ನೇ ಒತ್ತೆಯಿಡುವ ಜೀತ ಮಾತ್ರ ಬಹಳ ಕಾಲ ಉಳಿಯಿತು. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಅದನ್ನು ದೇಶಾದ್ಯಂತ ನಿಷೇಧಿಸಿತು. ಅದೇ ವರ್ಷ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯಿದೆಯೂ ಬಂತು. ಸಣ್ಣ ರೈತರ, ಕೂಲಿಕಾರರ ಸಾಲ ರದ್ದಾಗಿ, ಅಡವಿಟ್ಟ ಒಡವೆ ಪಾತ್ರೆಗಳು ಬಡವರ ಮನೆಗೆ ಹಿಂದಿರುಗಬೇಕೆಂದಾಯಿತು. ಲೆಕ್ಕವೆಲ್ಲ ಒಬ್ಬನ ಕೈಯಲ್ಲಿಯೇ ಇದ್ದರೆ ಕಾಗದವೂ ಹಗ್ಗವಾಗುತ್ತದೆ. ಇಬ್ಬರ ಕೈಯಲ್ಲಿಯೂ ಪ್ರತಿ ಇದ್ದಾಗಲೇ ಅದಕ್ಕೆ ಮಾನ.

ಕಾನೂನು ಏನನ್ನುತ್ತದೆ

ಇಂದಿನ ಕಾನೂನಿನಲ್ಲಿ ಈ ಪತ್ರದ ಸ್ಥಾನವೇನೆಂಬುದನ್ನು ಚುಟುಕಾಗಿ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಅಂಗಡಿ, ಕಾರ್ಖಾನೆ, ಗುತ್ತಿಗೆಗಳನ್ನು ನಡೆಸುತ್ತಿದ್ದೀರಿ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಸಾಮಾನ್ಯ ಹಣದ ಬಾಕಿಗೆ ದಾವೆ ಹೂಡಲು ಮೂರು ವರ್ಷಗಳ ಅವಧಿ. ಉದ್ರಿಯ ಗಡುವು ಗೊತ್ತುಮಾಡದೆ ಸರಕು ಮಾರಿದ್ದರೆ ಸರಕು ಒಪ್ಪಿಸಿದ ದಿನದಿಂದ ಎಣಿಕೆ. ಅನೇಕರು ತಿಳಿದಿರುವುದೇನೆಂದರೆ, ನಾವು ವರ್ಷಕ್ಕೊಮ್ಮೆ ನೋಟೀಸು ಕಳಿಸುತ್ತಿದ್ದರೆ ಅವಧಿ ಮುಂದುವರಿಯುತ್ತದೆ ಎಂದು. ಹಾಗಿಲ್ಲ. ಕೇಳುವವನು ಎಷ್ಟು ಕಾಗದ ಬರೆದರೂ ಗಡಿಯಾರ ನಿಲ್ಲುವುದಿಲ್ಲ. ಕೊಡಬೇಕಾದವನು ಅವಧಿಯೊಳಗೆ "ಹೌದು, ಬಾಕಿ ಇದೆ" ಎಂದು ಬರೆದು ಸಹಿ ಮಾಡಿದರೆ, ಅಥವಾ ಸ್ವಲ್ಪ ಹಣ ಕೊಟ್ಟು ಅದಕ್ಕೆ ಅವನ ಬರಹ ಇಲ್ಲವೇ ಸಹಿ ಇದ್ದರೆ, ಅಲ್ಲಿಂದ ಮತ್ತೆ ಮೂರು ವರ್ಷ. ಸಾಲಪತ್ರದ ಬೆನ್ನಿಗೆ ಬರೆಯಿರಿ ಎಂದ ಯಾಜ್ಞವಲ್ಕ್ಯನ ಮಾತನ್ನು ಇಲ್ಲಿ ನೆನೆಯಬಹುದು. ಆದ್ದರಿಂದ ಉತ್ತರ ತರಿಸುವಂಥ ಕಾಗದವೇ ಒಳ್ಳೆಯ ತಗಾದೆಯ ಕಾಗದ. ಬಯ್ಗುಳಕ್ಕೆ ಉತ್ತರ ಬರುವುದಿಲ್ಲ. ಬಂದರೂ ಬಾಕಿಯ ಒಪ್ಪಿಗೆ ಅದರಲ್ಲಿ ಇರುವುದಿಲ್ಲ.

ಚೆಕ್ಕು ಹಿಂದಿರುಗಿ ಬಂದರೆ ನಿಯಮ ಬೇರೆ. 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಗೆ 138ನೆಯ ಕಲಮು ಸೇರಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಮೊದಲು ಇದು 15 ದಿನವಿತ್ತು, 2002ರ ತಿದ್ದುಪಡಿಯಲ್ಲಿ ಹೆಚ್ಚಿಸಲಾಯಿತು. ನೋಟೀಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ನಂತರದ ಒಂದು ತಿಂಗಳೊಳಗೆ ದೂರು. ಸರ್ಕಾರದಿಂದ ಹಣ ಬರಬೇಕಾಗಿದ್ದು ದಾವೆ ಹೂಡುವುದಾದರೆ ಸಾಮಾನ್ಯವಾಗಿ ಎರಡು ತಿಂಗಳ ಮುಂಗಡ ನೋಟೀಸು ಬೇಕು. ಸಣ್ಣ ಉದ್ದಿಮೆಗಳಿಗೆ 2006ರ ಕಾಯಿದೆ ಒಳ್ಳೆಯ ಆಸರೆ. ನೋಂದಾಯಿತ ಸಣ್ಣ ಉದ್ದಿಮೆದಾರನಿಂದ ಸರಕು ಪಡೆದವರು ಒಪ್ಪಂದವಿದ್ದರೂ 45 ದಿನಗಳನ್ನು ಮೀರಿ ಹಣ ತಡೆಹಿಡಿಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಕೊಡಲು ಇಲ್ಲದವನ ಗತಿಯೇನು? 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಸಾಲ ತೀರಿಸಲು ಶಕ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಮನುಷ್ಯನನ್ನು ಸಿವಿಲ್ ಜೈಲಿಗೆ ಹಾಕಲಾಗದು, ಶಕ್ತಿಯಿದ್ದೂ ಕೊಡದ ದುರ್ಬುದ್ಧಿ ಇರಬೇಕು ಎಂದು ತೀರ್ಪಿತ್ತರು. ಬಡತನ ಅಪರಾಧವಲ್ಲ ಎಂಬ ಆ ಮಾತು ತಗಾದೆ ಬರೆಯುವವರ ಮನಸ್ಸಿನಲ್ಲಿಯೂ ಇರಬೇಕು.

ಬರೆಯುವ ಕ್ರಮ

ಪಾಠ ಹೇಳಿದವನು ಕೊನೆಗೆ ಒಂದು ಮಾದರಿಯನ್ನೂ ಹೇಳಬೇಕಲ್ಲವೇ? ಮೊದಲು ತಾರೀಖು, ಇಬ್ಬರ ಪೂರ್ಣ ಹೆಸರು, ವಿಳಾಸ. ಯಾವ ಕೆಲಸ ಅಥವಾ ಸರಕು, ಯಾವ ದಿನ ಒಪ್ಪಿಸಿದ್ದು, ಬಿಲ್ಲಿನ ಸಂಖ್ಯೆ ಮತ್ತು ತಾರೀಖು. ಒಟ್ಟು ಹಣ, ಬಂದದ್ದು, ಉಳಿದದ್ದು, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ. ಬಡ್ಡಿ ಕೇಳುವುದಾದರೆ ಯಾವ ಒಪ್ಪಂದದ ಅಥವಾ ಕಾನೂನಿನ ಪ್ರಕಾರ ಎಂಬುದು. ಕೆಲಸದಲ್ಲಿ ಲೋಪವಿದೆ ಎಂಬ ಆಕ್ಷೇಪಣೆಯಿದ್ದರೆ ಬರೆದು ತಿಳಿಸಿ ಎಂಬ ಒಂದು ವಾಕ್ಯ. ಹಣ ಕೊಡಲು ಇಂಥ ತಾರೀಖು ಎಂಬ ಸ್ಪಷ್ಟ ಗಡುವು. ತಪ್ಪಿದರೆ ಏನು ಮಾಡುವಿರೆಂಬುದು, ಅದೂ ನಿಜವಾಗಿ ಮಾಡುವುದನ್ನು ಮಾತ್ರ. ಕೊನೆಗೆ ಸಹಿ. ಬಿಲ್ಲಿನ ನಕಲು ಜೊತೆಗಿರಲಿ. ಪತ್ರದ ಒಂದು ಪ್ರತಿ ನಿಮ್ಮಲ್ಲಿರಲಿ.

ಕಳಿಸುವುದು ಹೇಗೆ? ಬಹಳ ಕಾಲ ಇದಕ್ಕೆ ರಿಜಿಸ್ಟರ್ಡ್ ಅಂಚೆಯೇ ರಾಜಮಾರ್ಗವಾಗಿತ್ತು. ಸಹಿಯಾಗಿ ಹಿಂದಿರುಗುವ ಆ ಸ್ವೀಕೃತಿ ಚೀಟಿಯನ್ನು ಜನ ಒಡವೆಯಂತೆ ಪೆಟ್ಟಿಗೆಯಲ್ಲಿಡುತ್ತಿದ್ದರು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿತು. ಹೆಸರು ಬದಲಾದರೂ, ತಲುಪಿತೆಂಬುದಕ್ಕೆ ಸಾಕ್ಷ್ಯ ಇಟ್ಟುಕೊಳ್ಳಬೇಕೆಂಬ ನಿಯಮ ಬದಲಾಗಿಲ್ಲ. ಸರಿಯಾದ ವಿಳಾಸಕ್ಕೆ ಕಳಿಸಿದ್ದನ್ನು ಎದುರಿನವರು ಬೇಕೆಂದೇ ತೆಗೆದುಕೊಳ್ಳದಿದ್ದರೆ ತಲುಪಿತೆಂದೇ ಭಾವಿಸಬಹುದೆಂದು ಸುಪ್ರೀಂ ಕೋರ್ಟ್ ಚೆಕ್ಕಿನ ಪ್ರಕರಣಗಳಲ್ಲಿ ಹೇಳಿದೆ. ದೊಡ್ಡ ಮೊತ್ತವಾದರೆ ವಕೀಲರ ಕೈಯಿಂದಲೇ ನೋಟೀಸು ಹೋಗಲಿ.

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆ ನಮ್ಮಲ್ಲಿದೆ. ದುಡಿದ ಹಣ ಕೈಗೆ ಬಾರದೆ ಕೋಡಂಗಿಯಾದವನ ನೋವು ಅದರಲ್ಲಿದೆ. ಆ ನೋವು ಸಿಟ್ಟಾಗಿ, ಸಿಟ್ಟು ಬಲವಾದರೆ ಏನಾಗುತ್ತದೆಂಬುದನ್ನೂ ಈಚೆಗೆ ನೋಡಿದೆವು. ಕಿರುಸಾಲದ ವಸೂಲಿಗಾರರ ಕಾಟಕ್ಕೆ ನಮ್ಮ ರಾಜ್ಯದಲ್ಲಿಯೇ ಕುಟುಂಬಗಳು ಊರು ಬಿಟ್ಟವು, ಮನೆಗಳ ಮುಂದೆ ನಿಂತು ಅವಮಾನಿಸಿದ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು. 2025ರ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಎಂಬ ನಿಯಮ ಅದರಲ್ಲಿತ್ತು. ಸಾವಿರ ವರ್ಷಗಳ ಹಿಂದಿನ 'ಆಚರಿತ'ವೂ 'ಬಲ'ವೂ ಮೋಟಾರು ಸೈಕಲ್ಲಿನ ಮೇಲೆ ಕುಳಿತು ಮತ್ತೆ ನಮ್ಮ ಬಾಗಿಲಿಗೆ ಬಂದವೆಂದೇ ಇದರ ಅರ್ಥ.

ಕೇಳುವ ಹಕ್ಕು ಇದ್ದವರು ಸಂಕೋಚವಿಲ್ಲದೆ ಕೇಳಬೇಕು, ಬರೆದು ಕೇಳಬೇಕು, ಮಾನದಿಂದ ಕೇಳಬೇಕು. ಕೊಡಬೇಕಾದವರೂ ಫೋನು ತೆಗೆಯದೆ ಮುಖ ತಪ್ಪಿಸಿಕೊಳ್ಳುವ ಬದಲು, "ಇಷ್ಟು ಬಾಕಿ ಇದೆ, ಇಂಥ ದಿನ ಇಷ್ಟು ಕೊಡುತ್ತೇನೆ" ಎಂದು ಒಂದು ಸಾಲು ಬರೆದು ಸಹಿ ಮಾಡಬೇಕು. ನೀವೆಲ್ಲ ನನ್ನಲ್ಲಿ ಅಕ್ಷರ ಕಲಿತವರು ಅಥವಾ ನನ್ನ ಜೊತೆ ಒಂದೇ ಪಂಕ್ತಿಯಲ್ಲಿ ಉಂಡವರು. ಆ ಸಲಿಗೆಯಿಂದ ಇಷ್ಟು ಹೇಳಿದ್ದೇನೆ. ಮನೆಯಲ್ಲಿ ಹಳೆಯ ಸಾಲಪತ್ರ, ಕಡತ, ತಗಾದೆಯ ಕಾಗದಗಳೇನಾದರೂ ಉಳಿದಿದ್ದರೆ ಎಸೆಯಬೇಡಿ. ತೀರಿದ ಸಾಲವಾದರೆ ಹಿಂಬದಿಯ ಷರಾವನ್ನೊಮ್ಮೆ ತಿರುಗಿಸಿ ಓದಿ. ನಿಮ್ಮ ಅಜ್ಜ ಯಾವ ವರ್ಷ, ಯಾವ ಬೆಳೆ ಮಾರಿ, ಎಷ್ಟೆಷ್ಟಾಗಿ ಆ ಋಣ ತೀರಿಸಿದರೆಂಬುದು ಅಲ್ಲಿರುತ್ತದೆ.